ಹುಂಜ ದೂರದಲ್ಲೇ ನಿಂತರೆ ತಪ್ಪು ಎಲ್ಲಿದೆ? ಬ್ಲೈಂಡ್ ಮುಂದಿನ ಟರ್ಕಿ ಡಿಕಾಯ್‌ಗಳ ದೋಷ ನಿವಾರಣೆ

ಟರ್ಕಿ ಹಕ್ಕಿಗಳನ್ನು ಹತ್ತಿರ ಸೆಳೆಯೋಕೆ ಬೇಟೆಗಾರರು ಇಡುವ ನಕಲಿ ಹಕ್ಕಿಯೇ ಡಿಕಾಯ್. "ಡಿಕಾಯ್ ಇಟ್ಟಿದ್ದೆ, ಟರ್ಕಿ ಬರಲಿಲ್ಲ" ಅನ್ನೋದು ದೂರು ಅಷ್ಟೇ. ಅದರಿಂದ ತಪ್ಪು ಹುಡುಕೋಕಾಗಲ್ಲ. ಹುಂಜ ಎಷ್ಟು ಗಜ ದೂರದಲ್ಲಿ ನಿಂತಿತು? ಆಗ ಅದರ ಕತ್ತು ಹೇಗಿತ್ತು? ಯಾವುದನ್ನು ನೋಡುತ್ತಿತ್ತು? ಯಾವ ಕಡೆಗೆ ಹೋಯಿತು, ಓಡಿ ಹೋಯಿತೋ ಮೇಯುತ್ತಾ ಹೋಯಿತೋ? ಇಷ್ಟು ನೆನಪಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ನೆನಪಿಲ್ಲ ಅಂದರೆ ಅಂಗಡಿಗೆ ಹೋಗಿ ಇನ್ನೊಂದು ದುಬಾರಿ ಡಿಕಾಯ್ ತರೋದೇ ಉಳಿಯುತ್ತೆ. ತುಂಬಾ ಜನ ಮಾಡೋದೂ ಅದನ್ನೇ.

ಇದು ಅಮೆರಿಕದ ವಸಂತ ಕಾಲದ ಟರ್ಕಿ ಬೇಟೆಯ ಮಾತು. ನಾನು ಹೇಳುವ ಉದಾಹರಣೆಗಳೆಲ್ಲ ವಿಸ್ಕಾನ್ಸಿನ್‌ನ ನೈಋತ್ಯ ಮೂಲೆಯವು. ಓಕ್ ಮರದ ಗುಡ್ಡಗಳು, ನಡುವೆ ಕಟಾವಾದ ಮುಸುಕಿನ ಜೋಳದ ಹೊಲ, ಆಲ್ಫಾಲ್ಫಾ ಅನ್ನುವ ಮೇವಿನ ಬೆಳೆಯ ಹೊಲ. 1976ರಲ್ಲಿ ಮಿಸೌರಿಯಿಂದ ಟರ್ಕಿಗಳನ್ನು ತಂದು ವಿಸ್ಕಾನ್ಸಿನ್‌ನ ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ವಿಸ್ಕಾನ್ಸಿನ್ ತನ್ನ ರಫ್ಡ್ ಗ್ರೌಸ್ ಹಕ್ಕಿಗಳನ್ನು ಕೊಟ್ಟಿತು. ಈಗ ಇಲ್ಲಿ ಏಪ್ರಿಲ್ ಮೂರನೇ ಬುಧವಾರ ಸೀಸನ್ ಶುರುವಾಗುತ್ತದೆ. ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಇದನ್ನು ಅಲ್ಲಿ ಯಾವ ಹಕ್ಕಿಯ ಮೇಲೂ ಪ್ರಯೋಗ ಮಾಡಬೇಡಿ. ಇಲ್ಲಿ ಎಚ್-1ಬಿ ತರದ ವೀಸಾದಲ್ಲಿ ಇರುವವರಿಗೂ ಒಂದು ಮಾತು: ಫೆಡರಲ್ ಕಾನೂನಿನ ಪ್ರಕಾರ ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಬಂದೂಕು ಮುಟ್ಟುವ ಮೊದಲು ಇದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಬ್ಲೈಂಡ್ ಅಂದರೆ ನಾವು ಒಳಗೆ ಕೂರುವ ಬಟ್ಟೆಯ ಗುಡಾರ. ಇನ್ನು ಡಿಕಾಯ್. ಅದರಲ್ಲಿ ಮೂರು ಬಗೆ: ಹೇಂಟೆ, ಒಂದು ವರ್ಷದ ಎಳೆ ಹುಂಜ ಅಂದರೆ ಜೇಕ್, ಮತ್ತೆ ಗರಿ ಬಿಚ್ಚಿ ನಿಂತ ದೊಡ್ಡ ಹುಂಜ ಅಂದರೆ ಸ್ಟ್ರಟರ್.

ಮೊದಲು ನೋಡಬೇಕಾದ್ದು: ತಪ್ಪು ಡಿಕಾಯ್‌ದೇನಾ?

ಹುಂಜ ಕಣ್ಣಿಗೇ ಬೀಳಲಿಲ್ಲ ಅಂದರೆ ಡಿಕಾಯ್ ಬೈದು ಪ್ರಯೋಜನ ಇಲ್ಲ. ಹಕ್ಕಿ ನೋಡದ ಡಿಕಾಯ್ ಒಳ್ಳೆಯದನ್ನೂ ಮಾಡಲ್ಲ, ಕೆಟ್ಟದ್ದನ್ನೂ ಮಾಡಲ್ಲ. ಆಗ ತಪ್ಪು ಜಾಗದ್ದು. ಹೊಲದ ಅಂಚಿನಲ್ಲಿ ನಡೆದು ನೋಡಿ. ಹುಂಜದ ಹಿಕ್ಕೆ ಉದ್ದಕ್ಕೆ ಇದ್ದು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಹೇಂಟೆಯದು ಸುರುಳಿ ಸುತ್ತಿದ ಮುದ್ದೆ. ಮೆತ್ತಗಿನ ಮಣ್ಣಿನಲ್ಲಿ ಹೆಜ್ಜೆ ಗುರುತಿನ ಎರಡೂ ಪಕ್ಕ ಸಣ್ಣ ಗೆರೆಗಳು ಕಂಡರೆ ಅದು ರೆಕ್ಕೆ ಕೆಳಗಿಳಿಸಿ ಎಳೆದುಕೊಂಡು ಹೋದ ಹುಂಜ. ಅಂಥ ಗೆರೆ ಸಿಕ್ಕ ಕಡೆ ಬ್ಲೈಂಡ್ ಹಾಕಿ, ಡಿಕಾಯ್ ವಿಚಾರ ಆಮೇಲೆ.

ಹುಂಜ ಕಾಣಿಸಿತು, ಡಿಕಾಯ್ ನೋಡಿತು, ಆದರೂ ಕೆಲಸ ಕೆಡ್ತು ಅಂದರೆ ಮುಂದೆ ಓದಿ. ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ದೂರ, ದಿಕ್ಕು, ಡಿಕಾಯ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಹಕ್ಕಿ ಬಂದರೂ ಯಾಕೆ ಬಂತು ಅಂತ ಗೊತ್ತಾಗಲ್ಲ. ನಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರ್‌ನವರೇ ಅಲ್ವಾ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

50–60 ಗಜದಲ್ಲಿ ನಿಂತು ಗರಿ ಬಿಚ್ಚಿ ಮೆರೆಯುತ್ತದೆ, ಮುಂದೆ ಬರಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ ಇದು. ಹುಂಜ ಹೆದರಿಲ್ಲ. ಬಾಲ ಬೀಸಣಿಗೆಯಾಗಿ ಬಿಚ್ಚಿದೆ, ರೆಕ್ಕೆ ನೆಲಕ್ಕೆ ತಾಗಿದೆ, ಕೊಕ್ಕಿನ ಮೇಲಿನ ಮಾಂಸದ ಎಳೆ ಉದ್ದವಾಗಿ ಜೋತು ಬಿದ್ದಿದೆ. ಅದು ಹಿತವಾಗಿ, ಖುಷಿಯಲ್ಲಿ ಇರುವ ಹುಂಜದ ಗುರುತು. ಹೆದರಿದಾಗ ಆ ಎಳೆ ಗಿಡ್ಡವಾಗುತ್ತದೆ. ಹಾಗಾದರೆ ಯಾಕೆ ಬರಲ್ಲ? ಯಾಕಂದರೆ ಟರ್ಕಿಗಳಲ್ಲಿ ಹೆಚ್ಚಾಗಿ ಹೇಂಟೆಯೇ ಹುಂಜದ ಹತ್ತಿರ ಹೋಗುತ್ತದೆ. ಹುಂಜ ಒಂದು ಜಾಗದಲ್ಲಿ ನಿಂತು ಮೆರೆಯುತ್ತದೆ, ಹೇಂಟೆಗಳು ಅಲ್ಲಿಗೆ ಬರುತ್ತವೆ. ನಿಮ್ಮ ನಕಲಿ ಹೇಂಟೆಯನ್ನು ಅದು ನೋಡಿಯಾಯಿತು, ತನ್ನನ್ನೂ ತೋರಿಸಿಯಾಯಿತು. ಇನ್ನು ಹೇಂಟೆಯ ಸರದಿ ಅಂತ ಕಾಯುತ್ತಾ ನಿಂತಿದೆ.

ಇಲ್ಲಿ ಮೊದಲು ಅಳೆಯಬೇಕಾದ್ದು ಬ್ಲೈಂಡ್‌ನಿಂದ ಡಿಕಾಯ್‌ಗೆ ಎಷ್ಟು ದೂರ ಅಂತ. ನನ್ನ ಬಂದೂಕು 40 ಗಜ ಹೊಡೆಯುತ್ತೆ, ಹಾಗಾಗಿ ಡಿಕಾಯ್ 40 ಗಜದಲ್ಲಿ ಇಡ್ತೀನಿ ಅಂತ ಲೆಕ್ಕ ಹಾಕುವವರು ತುಂಬಾ ಜನ. ಲೆಕ್ಕ ತಪ್ಪು. ಹುಂಜ ಡಿಕಾಯ್‌ಗಿಂತ 15 ಗಜ ಆಚೆಗೇ ನಿಂತರೆ ನಿಮಗದು 55 ಗಜ. ಅದೇ ಡಿಕಾಯ್ 20 ಗಜದಲ್ಲಿದ್ದರೆ ನಿಂತ ಹುಂಜ 35ರಲ್ಲಿ ಇರುತ್ತದೆ. ಬಂದೂಕಿಗೆ 15ರಿಂದ 20 ಗಜ ಇಡಿ. ಬಿಲ್ಲಿಗಾದರೆ 8ರಿಂದ 12. ಇಷ್ಟು ಹತ್ತಿರ ಇಟ್ಟರೆ ಬ್ಲೈಂಡ್ ನೋಡಿ ಹೆದರಲ್ವಾ ಅನ್ನಬಹುದು. ಹೊಲದ ಮಧ್ಯೆ ಹೊಸದಾಗಿ ಎದ್ದ ಗುಡಾರವನ್ನು ಜಿಂಕೆ ಅನುಮಾನದಿಂದ ನೋಡುತ್ತದೆ. ಟರ್ಕಿ ಸಾಮಾನ್ಯವಾಗಿ ಕ್ಯಾರೇ ಅನ್ನಲ್ಲ, ಬಟ್ಟೆ ಅಲ್ಲಾಡದಿದ್ದರೆ ಆಯಿತು. ಬ್ಲೈಂಡ್‌ನ ದೊಡ್ಡ ಲಾಭವೇ ಅದು. ಆ ಲಾಭ ಬಿಟ್ಟು ಡಿಕಾಯ್ ದೂರ ಇಡೋದು ಯಾಕೆ?

ತೀರಾ ಹತ್ತಿರವೂ ಬೇಡ, ಅದೂ ಬಂದೂಕಿಗೆ. ಟರ್ಕಿ ಚೋಕ್ (ಛರೆಗಳು ಬೇಗ ಹರಡದಂತೆ ನಳಿಕೆಯ ತುದಿಗೆ ಹಾಕುವ ಬಿಗಿ ಕೊಳವೆ) ಹಾಕಿದ ಬಂದೂಕಿನಲ್ಲಿ 10 ಗಜಕ್ಕೆ ಛರೆಗಳು ಇನ್ನೂ ಹರಡಿರಲ್ಲ, ಒಂದು ಮುಷ್ಟಿಯಷ್ಟು ಜಾಗದಲ್ಲೇ ಇರುತ್ತವೆ. ಅಲ್ಲಾಡುವ ತಲೆಗೆ ಅಷ್ಟು ಸಣ್ಣ ಗುಂಪು ತಪ್ಪಿ ಹೋಗೋದು ಸುಲಭ.

ಕತ್ತಲಲ್ಲಿ ಹೆಜ್ಜೆ ಎಣಿಸಿದ್ದನ್ನು ನಂಬಬೇಡಿ. ಉಳುಮೆ ಮಾಡಿದ ಹೊಲದಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಚಳಿಯಲ್ಲಿ ಇನ್ನೂ ಚಿಕ್ಕದು. ಹಿಂದಿನ ದಿನ ಮಧ್ಯಾಹ್ನ ರೇಂಜ್‌ಫೈಂಡರ್‌ನಲ್ಲಿ ಅಳೆದು, ಡಿಕಾಯ್ ಜಾಗದಲ್ಲಿ ಒಂದು ಕಡ್ಡಿ ನೆಟ್ಟು ಬನ್ನಿ.

ದೂರ ಸರಿ ಇದ್ದೂ ನಿಲ್ಲುತ್ತಿದೆಯೇ? ಅದು ನಿಂತ ಜಾಗಕ್ಕೆ ಎದ್ದು ಹೋಗಿ, ಕುಕ್ಕರಗಾಲಲ್ಲಿ ಕೂತು, ಹಕ್ಕಿಯ ಎತ್ತರದಿಂದ ನಿಮ್ಮ ಬ್ಲೈಂಡ್ ಕಡೆ ನೋಡಿ. ಹಕ್ಕಿ ಹೋದ ಮೇಲೆ ಹೋಗಿ, ಮೊದಲೇ ಅಲ್ಲ. ಅಲ್ಲಿಂದ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾಣುತ್ತದೆ. ಒಂದು: ನಡುವೆ ಮುಳ್ಳುತಂತಿ ಬೇಲಿಯೋ, ಸಣ್ಣ ತೊರೆಯೋ, ಚರಂಡಿಯೋ ಇರುತ್ತದೆ. ಟರ್ಕಿ ಹಾರಬಲ್ಲದು, ಗಂಟೆಗೆ 50 ಮೈಲಿ ವೇಗದಲ್ಲೂ ಹಾರುತ್ತದೆ. ಆದರೆ ಹೇಂಟೆ ನೋಡಲು ಹೊರಟ ಹುಂಜ ಮೊಣಕಾಲೆತ್ತರದ ಬೇಲಿಯನ್ನೂ ದಾಟದೆ ಅದರ ಉದ್ದಕ್ಕೂ ಅತ್ತಿಂದಿತ್ತ ತಿರುಗುತ್ತದೆ. ಇದಕ್ಕೆ ಮದ್ದು ಒಂದೇ, ಬ್ಲೈಂಡ್ ಕಿತ್ತು ಬೇಲಿಯ ಆ ಕಡೆಗೆ ಹಾಕೋದು. ಎರಡು: ಡಿಕಾಯ್ 200 ಗಜದಿಂದಲೇ ಕಾಣುತ್ತಿರುತ್ತದೆ. ಅಷ್ಟು ದೂರದಿಂದ ಕಂಡಿತೆಂದರೆ ಅಲ್ಲೇ ನಿಂತು ಮೆರೆಯೋಕೆ ಶುರು. ಹೊಲದಲ್ಲಿ ಸಣ್ಣ ಏರು ಇದ್ದರೆ ಡಿಕಾಯನ್ನು ಅದರ ಈಚೆಗೆ, ತಗ್ಗಿನಲ್ಲಿ ಇಡಿ. ಹುಂಜಕ್ಕೆ ನೀವು ಹಾಕುವ ಹೇಂಟೆಯ ಕೂಗು ಕೇಳಬೇಕು, ನಕಲಿ ಹಕ್ಕಿ ಕಾಣಬಾರದು. ಏರು ಹತ್ತಿ ಕತ್ತು ಎತ್ತಿದಾಗ ಡಿಕಾಯ್ ಕಾಣಬೇಕು, ಅಷ್ಟರಲ್ಲಿ ಅದು 35 ಗಜದೊಳಗೆ ಬಂದಿರಬೇಕು.

ಒಂಟಿ ಹೇಂಟೆ ಇಟ್ಟಿದ್ದರೆ ಪಕ್ಕದಲ್ಲಿ ಒಂದು ಜೇಕ್ ಇಟ್ಟು ನೋಡಿ. ಹೇಂಟೆ ತಾನಾಗಿ ಬರಲಿ ಅಂತ ಕಾಯುವ ಹುಂಜಕ್ಕೆ, ಅವಳ ಹಿಂದೆ ಒಬ್ಬ ಪುಂಡ ಹುಡುಗ ನಿಂತಿದ್ದಾನೆ ಅಂದ ತಕ್ಷಣ ತಾಳ್ಮೆ ಹೋಗುತ್ತದೆ. ಸೀಸನ್ನಿನ ಮೊದಲ ಎರಡು ವಾರ ಇದು ಚೆನ್ನಾಗಿ ನಡೆಯುತ್ತದೆ.

ಹತ್ತಿರ ಬಂತು, ಕತ್ತು ನೆಟ್ಟಗೆ ಮಾಡಿತು, ಹೊರಟು ಹೋಯಿತು

ಇದು ಬೇರೆಯೇ ರೋಗ. ಗರಿ ಮಡಚಿದೆ, ಕತ್ತು ಕಂಬದಂತೆ ನಿಂತಿದೆ, "ಪಟ್" ಅಂತ ಒಂದು ಚೂಪು ಸದ್ದು. ಅದಕ್ಕೂ ಮುಂಚೆ ಇನ್ನೊಂದು ಸೂಚನೆ ಬರುತ್ತದೆ. ಹುಂಜ ರೆಕ್ಕೆಗಳನ್ನು ಬೆನ್ನ ಮೇಲೆ ಒಂದರ ಮೇಲೊಂದು ಎತ್ತಿ ಸರಿಪಡಿಸಿಕೊಳ್ಳುತ್ತದೆ. ಅದನ್ನು ಕಂಡರೆ ನಿಮಗಿರೋದು ಕೆಲವೇ ಕ್ಷಣ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಅದು ನೋಡುತ್ತಿದ್ದದ್ದು ಡಿಕಾಯ್‌ನೋ, ಬ್ಲೈಂಡ್‌ನೋ?

ಡಿಕಾಯ್ ನೋಡಿ ಬೆದರಿತು ಅಂದರೆ ನನ್ನ ಮೊದಲ ಅನುಮಾನ ಸ್ಟ್ರಟರ್ ಮೇಲೆ. ಟರ್ಕಿಗಳಲ್ಲಿ ಯಾರು ಯಾರಿಗೆ ತಗ್ಗಬೇಕು ಅನ್ನೋದು ಮೊದಲೇ ಹೊಡೆದಾಡಿ ತೀರ್ಮಾನ ಆಗಿರುತ್ತದೆ. ಆ ಕಾಡಿನ ಯಜಮಾನ ಹುಂಜಕ್ಕೆ ಸ್ಟ್ರಟರ್ ಕಂಡರೆ ಮೈ ಉರಿಯುತ್ತದೆ, ಸೀದಾ ನುಗ್ಗುತ್ತದೆ. ಆದರೆ ಅಲ್ಲಿರುವ ಹುಂಜಗಳೆಲ್ಲ ಯಜಮಾನರಲ್ಲ. ಎರಡು ವರ್ಷದ ಹುಂಜ ಹೋದ ವಾರವಷ್ಟೇ ಒದೆ ತಿಂದಿರಬಹುದು. ಅದಕ್ಕೆ ಇನ್ನೊಂದು ದೊಡ್ಡ ಬೀಸಣಿಗೆ ತೋರಿಸಿದರೆ ದೂರದಿಂದಲೇ ನಮಸ್ಕಾರ. ಜೇಕ್ ಆದರೆ ಎಂಥ ಹುಂಜಕ್ಕೂ ತಾನು ಇದನ್ನು ಹೊಡೀಬಹುದು ಅನಿಸುತ್ತದೆ. ಅದಕ್ಕೇ ನನ್ನ ಕೇಳಿದರೆ ಒಂದು ಜೇಕ್, ಒಂದು ಹೇಂಟೆ ಸಾಕು. ಮೇ ತಿಂಗಳ ಹೊತ್ತಿಗೆ ಜೇಕ್ ಕೂಡ ತೆಗೆದು ಒಂಟಿ ಹೇಂಟೆ ಇಡುವುದು ವಾಸಿ. ಆಗ ಹುಂಜಗಳು ಹೊಡೆದಾಡಿ ಸುಸ್ತಾಗಿರುತ್ತವೆ, ಎಷ್ಟೋ ಡಿಕಾಯ್ ನೋಡಿರುತ್ತವೆ.

ಎರಡನೇ ಅನುಮಾನ ಹೇಂಟೆಯ ಭಂಗಿ. ಅಗ್ಗದ ಹೇಂಟೆ ಡಿಕಾಯ್‌ಗಳು ಎಷ್ಟೋ ಸಲ ಕತ್ತು ನೆಟ್ಟಗೆ ಎತ್ತಿದ ಭಂಗಿಯಲ್ಲಿ ಇರುತ್ತವೆ. ನಮಗದು ಅಂದವಾಗಿ ಕಾಣುತ್ತದೆ. ಟರ್ಕಿಗೆ ಅದು "ಇಲ್ಲೇನೋ ಅಪಾಯ ಇದೆ" ಅನ್ನುವ ಹೇಂಟೆ. ಕತ್ತು ಬಗ್ಗಿಸಿ ಮೇಯುವ ಭಂಗಿ, ಇಲ್ಲವೇ ನೆಲಕ್ಕೆ ಕುಸಿದು ಕೂತ ಭಂಗಿ ಒಳ್ಳೆಯದು.

ಮೂರನೆಯದು ಹೊಳಪು. ಬೆಳಗಿನ ಜಾವ ಡಿಕಾಯ್ ಮೇಲೆ ಇಬ್ಬನಿ ಕೂರುತ್ತದೆ, ಏಪ್ರಿಲ್‌ನಲ್ಲಿ ಹಿಮವೂ ಬೀಳಬಹುದು. ಸೂರ್ಯ ಮೇಲೆ ಬಂದೊಡನೆ ಪ್ಲಾಸ್ಟಿಕ್ ಬೆನ್ನು ತಟ್ಟೆಯಂತೆ ಮಿಂಚುತ್ತದೆ. ನಿಜವಾದ ಗರಿಯ ಹೊಳಪೇ ಬೇರೆ, ಅದು ಹಕ್ಕಿ ತಿರುಗಿದಂತೆ ತಾಮ್ರದಿಂದ ಹಸಿರಿಗೆ ಬದಲಾಗುತ್ತದೆ. ಒಂದು ಹಳೇ ಟವೆಲ್ ಜೊತೆಗಿಟ್ಟು ಬೆಳಕಾಗುವ ಮೊದಲು ಒರೆಸಿ. ಮಡಚಿ ಚೀಲದಲ್ಲಿಟ್ಟ ಫೋಮ್ ಡಿಕಾಯ್‌ಗೆ ಬೆನ್ನಲ್ಲಿ ಕುಳಿ ಬಿದ್ದಿದ್ದರೆ ಮನೆಯಲ್ಲೇ ಹೇರ್ ಡ್ರೈಯರ್ ಹಿಡಿದು ಉಬ್ಬಿಸಿ. ಸೊಟ್ಟ ಬೆನ್ನಿನ ಹೇಂಟೆ ಎಲ್ಲೂ ಇಲ್ಲ.

ನಾಲ್ಕನೆಯದು ಗಾಳಿ. ಹಗುರ ಡಿಕಾಯ್ ಕಡ್ಡಿಯ ಮೇಲೆ ನಿಂತು ಸ್ವಲ್ಪ ಅತ್ತಿತ್ತ ಆಡಿದರೆ ಜೀವ ಬಂದ ಹಾಗಿರುತ್ತದೆ. ಗಿರಗಿರ ತಿರುಗಿದರೆ ಹುಂಜ ಓಡುತ್ತದೆ. ಬಾಲದ ಎರಡೂ ಪಕ್ಕ ಒಂದೊಂದು ಕಡ್ಡಿ ಚುಚ್ಚಿ, ನಡುವೆ ನಾಲ್ಕು ಬೆರಳು ಜಾಗ ಬಿಡಿ. ಆಡುತ್ತದೆ, ಸುತ್ತಲ್ಲ. ಬ್ಯಾಟರಿಯಲ್ಲಿ ಆಡುವ ಡಿಕಾಯ್‌ಗಳ ಬಗ್ಗೆ ಕೇಳಬೇಡಿ, ನನಗೆ ಅವು ಹಿಡಿಸಲ್ಲ. ಕೆಲವು ರಾಜ್ಯಗಳಲ್ಲಿ ಅವಕ್ಕೆ ಅನುಮತಿಯೂ ಇಲ್ಲ.

ವಾಸನೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಟರ್ಕಿಯ ಮೂಗು ಮಂದ. ಉಣ್ಣಿ (ಟಿಕ್) ಕಚ್ಚದಂತೆ ಔಷಧ ಧಾರಾಳವಾಗಿ ಹಚ್ಚಿಕೊಳ್ಳಿ. ವಿಸ್ಕಾನ್ಸಿನ್‌ನಲ್ಲಿ ಅದರಿಂದ ಲೈಮ್ ಕಾಯಿಲೆ ಬರುತ್ತದೆ.

ನೋಡಿದ್ದು ಬ್ಲೈಂಡ್ ಕಡೆಗಾದರೆ

ಡಿಕಾಯ್ ಬಿಟ್ಟು ಕಿಟಕಿ ಕಡೆ ಕತ್ತು ತಿರುಗಿತೆಂದರೆ ಒಳಗೆ ನೀವು ಕಂಡಿರಿ. ಟರ್ಕಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಬಣ್ಣವೂ ಚೆನ್ನಾಗಿ ಕಾಣುತ್ತದೆ. ಹಿಂದಿನ ಕಿಟಕಿ ಒಂದು ತೆರೆದಿದ್ದರೂ ಬೆಳಕಿನ ಮುಂದೆ ನಿಮ್ಮ ತಲೆ ಕಪ್ಪು ಆಕಾರವಾಗಿ ಎದ್ದು ಕಾಣುತ್ತದೆ. ಹಿಂದಿನದೆಲ್ಲ ಮುಚ್ಚಿ, ಮುಂದೆ ಬೇಕಾದಷ್ಟೇ ತೆರೆಯಿರಿ. ಒಳಗೆ ಬಟ್ಟೆ ಕಪ್ಪು, ಹಾಗಾಗಿ ನೀವೂ ಕಪ್ಪು ಅಂಗಿ, ಕಪ್ಪು ಗವಸು, ಕಪ್ಪು ಮುಸುಕು ಹಾಕಿ. ದುಡ್ಡು ಕೊಟ್ಟು ತಂದ ಎಲೆ ಚಿತ್ರದ ಅಂಗಿ ಬ್ಲೈಂಡ್ ಒಳಗೆ ಉಲ್ಟಾ ಕೆಲಸ ಮಾಡುತ್ತದೆ. ಮುಂದಿನ ಕಿಟಕಿ ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ನೇರ ಮುಖದ ಮೇಲೆ ಬೀಳುತ್ತದೆ. ಬ್ಲೈಂಡ್‌ನ ಬೆನ್ನು ಪೂರ್ವಕ್ಕೆ ಇರಲಿ.

ಡಿಕಾಯ್ ತನಕ ಬಂತು, ಹೊಡೆಯಲು ಕೋನ ಸಿಗಲಿಲ್ಲ

ಇದು ಡಿಕಾಯ್ ಯಾವ ಕಡೆ ಮುಖ ಮಾಡಿದೆ ಅನ್ನೋದರ ತಪ್ಪು. ಜೇಕ್ ಅಥವಾ ಸ್ಟ್ರಟರ್ ಮುಖ ಹೊರಗೆ, ಹೊಲದ ಕಡೆ ಇಟ್ಟಿರುತ್ತೀರಿ, ಬರುವ ಹುಂಜಕ್ಕೆ ಕಾಣಲಿ ಅಂತ. ಕೋಳಿ ಅಂಕ ನೋಡಿದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ: ಹುಂಜ ಹುಂಜವನ್ನು ಎದುರಿಸುವುದು ಕೊಕ್ಕಿಗೆ ಕೊಕ್ಕು ಕೊಟ್ಟು. ಡಿಕಾಯ್‌ನ ಮುಖ ಎಲ್ಲಿದೆಯೋ ಅಲ್ಲಿಗೆ ನಿಜವಾದ ಹುಂಜ ಸುತ್ತಿ ಬಂದು ನಿಲ್ಲುತ್ತದೆ. ಮುಖ ಹೊಲದ ಕಡೆ ಇದ್ದರೆ ಅದು ಡಿಕಾಯ್‌ನ ಆಚೆಗೇ ನಿಂತು, ನಿಮ್ಮ ಬ್ಲೈಂಡನ್ನೇ ದಿಟ್ಟಿಸುತ್ತದೆ.

ಹಾಗಾಗಿ ಜೇಕ್ ಮುಖ ಬ್ಲೈಂಡ್ ಕಡೆ ಇರಲಿ, ನೇರವಾಗಿ ಬೇಡ, ಕೊಂಚ ಓರೆ. ಆಗ ಹುಂಜ ಸುತ್ತಿಕೊಂಡು ಡಿಕಾಯ್ ಮತ್ತು ನಿಮ್ಮ ನಡುವೆ ಬರುತ್ತದೆ. ಬೆನ್ನು ನಿಮಗೆ, ಕಣ್ಣು ಜೇಕ್ ಮೇಲೆ. ಬಿಚ್ಚಿದ ಬಾಲವೇ ಅದರ ಕಣ್ಣಿಗೆ ಪರದೆ. ಬಿಲ್ಲು ಎಳೆಯುವವರಿಗೆ ಆ ಒಂದು ಕ್ಷಣ ಬೇಕು. ಹೇಂಟೆಯದು ತಿರುಗುಮುರುಗು. ಹುಂಜ ಹೇಂಟೆಯ ಹತ್ತಿರ ಹಿಂದಿನಿಂದ ಬರುತ್ತದೆ. ಅದರ ಬಾಲ ಹೊಡೆಯಲು ಅನುಕೂಲದ ಕಡೆಗೆ ಇರಲಿ. ಜೇಕ್ ಪಕ್ಕ ಎರಡು ಮೂರು ಗಜ ದೂರದಲ್ಲಿ ಹೇಂಟೆ ಇದ್ದರೆ ಸಾಕು, ಹುಂಜಕ್ಕೆ ನುಗ್ಗಲು ನಡುವೆ ಜಾಗ ಉಳಿಯುತ್ತದೆ.

ಕಿಟಕಿಯ ಪರೀಕ್ಷೆಯನ್ನು ಯಾರೂ ಮಾಡಲ್ಲ, ಮಾಡಿ. ನೀವು ಒಳಗೆ ಸ್ಟೂಲ್ ಮೇಲೆ ಕೂತುಕೊಳ್ಳಿ. ಗೆಳೆಯ ಡಿಕಾಯ್ ಸುತ್ತ ಐದು ಗಜದ ವೃತ್ತದಲ್ಲಿ ನಿಧಾನ ನಡೆಯಲಿ. ಬಂದೂಕು ಬಿಲ್ಲು ಎರಡೂ ಕಾರಿನಲ್ಲೇ ಇರಲಿ. ಗೆಳೆಯ ಎಲ್ಲಿ ಕಣ್ಮರೆಯಾಗುತ್ತಾನೋ ಅಲ್ಲಿ ಹುಂಜ ನಿಂತು ಕಾಲು ಗಂಟೆ ಮೆರೆಯುವುದು ಗ್ಯಾರಂಟಿ. ವೃತ್ತ ಪೂರ್ತಿ ಕಾಣುವ ತನಕ ಡಿಕಾಯ್ ಸರಿಸಿ. ಬಿಲ್ಲಿನವರಿಗೆ ಇನ್ನೊಂದು: ಗುರಿ ನೋಡುವ ಪಿನ್ ಬಾಣಕ್ಕಿಂತ ಕೆಲವು ಇಂಚು ಮೇಲಿರುತ್ತದೆ. ಕಣ್ಣಿಗೆ ದಾರಿ ಸಾಫಾಗಿ ಕಂಡರೂ ಬಾಣ ಕಿಟಕಿಯ ಕೆಳ ಅಂಚಿಗೆ ಬಡಿಯಬಹುದು. ಬಾಣದ ಎತ್ತರದಿಂದಲೂ ಒಮ್ಮೆ ಬಗ್ಗಿ ನೋಡಿ.

ಹೇಂಟೆಗಳ ಹಿಂದೆ ಹೊರಟು ಹೋಯಿತು

ಇದಕ್ಕೆ ಡಿಕಾಯ್‌ನಲ್ಲಿ ಮದ್ದು ಕಡಿಮೆ. ನಿಜವಾದ ಹೇಂಟೆ ಪಕ್ಕದಲ್ಲಿರುವಾಗ ಪ್ಲಾಸ್ಟಿಕ್ ಹೇಂಟೆ ಯಾರಿಗೆ ಬೇಕು? ಕಾಯಿರಿ. ಬೆಳಗ್ಗೆ ಒಂಬತ್ತು ಹತ್ತು ಗಂಟೆ ಹೊತ್ತಿಗೆ ಹೇಂಟೆಗಳು ಮೊಟ್ಟೆ ಇಡಲು ಗೂಡಿಗೆ ಹೋಗುತ್ತವೆ, ಹುಂಜ ಒಂಟಿಯಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಸಂಜೆ ಸೂರ್ಯ ಮುಳುಗುವ ತನಕ ಅವಕಾಶ ಇದೆ. ಏಳು ಗಂಟೆಗೇ ಎದ್ದು ತಿಂಡಿಗೆ ಹೋಗುವವರು ಡಿಕಾಯ್ ಮೇಲೆ ಕಂಪ್ಲೇಂಟ್ ಹೇಳಬಾರದು.

ಇದರಲ್ಲಿ ಮಾತ್ರ ಪ್ರಯೋಗ ಬೇಡ

ನಿಮ್ಮ ಡಿಕಾಯ್ ಹುಂಜಕ್ಕೆ ಎಷ್ಟು ನಿಜವಾಗಿ ಕಾಣುತ್ತದೋ ಇನ್ನೊಬ್ಬ ಬೇಟೆಗಾರನಿಗೂ ಅಷ್ಟೇ ನಿಜವಾಗಿ ಕಾಣುತ್ತದೆ. ಸಾರ್ವಜನಿಕ ಜಾಗದಲ್ಲಿ ಸ್ಟ್ರಟರ್ ಇಡಬೇಡಿ. ಡಿಕಾಯನ್ನು ಕಿತ್ತಳೆ ಬಣ್ಣದ ಚೀಲದಲ್ಲಿ ಪೂರ್ತಿ ಮುಚ್ಚಿ ಹೊತ್ತುಕೊಳ್ಳಿ, ತಲೆ ಹೊರಗೆ ಇಣುಕಬಾರದು. ಕೆಂಪು, ಬಿಳಿ, ನೀಲಿ ಬಟ್ಟೆ ಮೈ ಮೇಲೆ ಬೇಡವೇ ಬೇಡ, ಒಳಗಿನ ಕಾಲುಚೀಲವೂ ಸೇರಿ. ಹುಂಜದ ತಲೆಯ ಬಣ್ಣಗಳು ಅವೇ. ಯಾರಾದರೂ ನಡೆದು ಬರುವುದು ಕಂಡರೆ ಕೈ ಬೀಸಬೇಡಿ, ಟರ್ಕಿ ಕೂಗು ಹಾಕಬೇಡಿ. ಜೋರಾಗಿ ಮನುಷ್ಯನ ದನಿಯಲ್ಲಿ ಕೂಗಿ. ಬಿಚ್ಚಿದ ಬಾಲವನ್ನು ಕೈಯಲ್ಲಿ ಹಿಡಿದು ಅದರ ಹಿಂದೆ ತೆವಳುವ ಆಟವನ್ನು ಯಾರು ಎಷ್ಟೇ ಹೊಗಳಲಿ, ಅದು ಗುಂಡಿಗೆ ಎದೆ ಕೊಡುವ ಕೆಲಸ.

ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲಬಾಮಾದಲ್ಲಿ ವಸಂತ ಸೀಸನ್ನಿನ ಮೊದಲ ಹತ್ತು ದಿನ ಡಿಕಾಯನ್ನೇ ಬಳಸುವಂತಿಲ್ಲ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್‌ಗೆ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಬೇಕು. ಆ ಕೋರ್ಸಿನಲ್ಲಿ ಕಲಿಸುವುದು ಈ ಬರಹಕ್ಕಿಂತ ಮುಖ್ಯ.

ಎಲ್ಲ ಸರಿ ಇದ್ದೂ ಬರುತ್ತಿಲ್ಲ

ಡಿಕಾಯ್ ಎಲ್ಲ ಚೀಲಕ್ಕೆ ಹಾಕಿ ಕಾರಿನಲ್ಲೇ ಬಿಡಿ. ಅದೇ ಬ್ಲೈಂಡ್, ಅದೇ ಜಾಗ, ಮುಂದೆ ಖಾಲಿ ಹೊಲ. ಕೂಗುವುದನ್ನೂ ಕಡಿಮೆ ಮಾಡಿ, ಅರ್ಧ ಗಂಟೆಗೆ ಮೆಲ್ಲಗೆ ಒಂದೆರಡು ಸಲ ಸಾಕು. ಹುಂಜ ಹತ್ತಿರದಲ್ಲೇ ಹಾದು ಹೋದರೆ ತಪ್ಪು ಡಿಕಾಯ್‌ದು, ಇನ್ನುಳಿದ ಸೀಸನ್ ಹೀಗೇ ಕೂರಬಹುದು. ಆಗಲೂ ಅದು ಅದೇ 60 ಗಜ ದೂರದಲ್ಲಿ, ಅದೇ ಗೆರೆಯಲ್ಲಿ ಹಾದು ಹೋದರೆ ಡಿಕಾಯ್‌ದು ಏನೂ ತಪ್ಪಿಲ್ಲ. ಅದರ ದಾರಿಯೇ ಅದು. ಮಧ್ಯಾಹ್ನ ಹಕ್ಕಿಗಳು ಕಾಡೊಳಗೆ ಹೋದ ಮೇಲೆ ಬ್ಲೈಂಡ್ ಎತ್ತಿ ಆ ಗೆರೆಯ ಪಕ್ಕಕ್ಕೆ ಹಾಕಿ, ಹಗ್ಗ ಬಿಗಿದು ಬನ್ನಿ.